ಅತ್ತೆ ಅಳಲಿಲ್ಲ ಅಂದವರಿಗೆ

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಾದಿನಿ ಒಂದು ವಿಡಿಯೋ ಹಾಕಿದಳು. ಈರುಳ್ಳಿ ಹೆಚ್ಚುವಾಗ ಕಣ್ಣೀರು ಬರದ ಹಾಗೆ ಏನು ಮಾಡಬೇಕು ಅಂತ. ಉಗುರಿಗೆ ಬಣ್ಣ ಹಚ್ಚಿಕೊಂಡ ಯಾವುದೋ ಹುಡುಗಿ, ಒಗ್ಗರಣೆಯನ್ನೇ ಕಾಣದಂಥ ಅಡುಗೆಮನೆ, ಫ್ರಿಜ್ಜಿನಿಂದ ತೆಗೆದ ಒಂದೇ ಒಂದು ಈರುಳ್ಳಿ. ಅದನ್ನು ನಾಲ್ಕು ಹೋಳು ಮಾಡಿ, ಒಂದು ಹನಿಯೂ ಬರಲಿಲ್ಲ ನೋಡಿ ಅಂತ ಕಣ್ಣರಳಿಸಿ ನಕ್ಕಳು. ಗುಂಪಿನಲ್ಲಿದ್ದವರೆಲ್ಲ ಹೆಬ್ಬೆಟ್ಟು ಎತ್ತಿದರು. ಅತ್ತೆಯ ತವರಿನ ಕಡೆಯವರೂ ಎತ್ತಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಫೋನನ್ನು ಅಕ್ಕಿ ಡಬ್ಬದ ಮೇಲೆ ಕುಕ್ಕಿ ಹಿತ್ತಲಿಗೆ ಹೋದೆ.

ನಾದಿನಿಯ ಮೇಲೆ ಸಿಟ್ಟಿಲ್ಲ. ಅವಳು ಸೋಮನಹಳ್ಳಿಯಲ್ಲಿ ಕೆಲಸಕ್ಕೆ ಹೋಗಿ ಬಂದು, ಸುಸ್ತಾಗಿ, ಕೈಗೆ ಸಿಕ್ಕಿದ್ದನ್ನು ಕಳಿಸುತ್ತಾಳೆ. ಸಿಟ್ಟು ಆ ಹೆಬ್ಬೆಟ್ಟುಗಳ ಮೇಲೆ. ಕಣ್ಣೀರು ತಡೆಯುವುದು ಅಷ್ಟು ದೊಡ್ಡ ಜಾಣತನ ಅನ್ನುವುದಾದರೆ, ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿ ತೋರಿಸಿದ ಹೆಂಗಸನ್ನು ಇದೇ ಜನ ಏನಂದರು ಅನ್ನುವುದು ನನಗೆ ಮರೆತಿಲ್ಲ. ಮರೆಯುವುದೂ ಇಲ್ಲ.

ಆ ಹೆಂಗಸು ನಮ್ಮ ಅತ್ತೆ. ನನ್ನ ಗಂಡನ ತಾಯಿ. ಮದ್ದೂರಿನಲ್ಲಿ ನಮ್ಮ ಜೊತೆಯಲ್ಲೇ ಇದ್ದಾರೆ. ನಾವಿಬ್ಬರೂ ಹಾಲು ಜೇನು ಅಂತ ಯಾರೂ ತಿಳಿದುಕೊಳ್ಳಬೇಡಿ. ನಾನು ಕೆಲಸಕ್ಕೆ ಮಂಡ್ಯಕ್ಕೆ ಓಡುವ ಹೊತ್ತಿಗೆ ಸರಿಯಾಗಿ ಅವರಿಗೆ ಸೊಪ್ಪು ಸೋಸುವ ಯೋಚನೆ ಬರುತ್ತದೆ. ನನ್ನ ಸಾರಿಗೆ ಅವರು ಒಂದು ದಿನವಾದರೂ ಚೆನ್ನಾಗಿದೆ ಅಂದವರಲ್ಲ. ನಾನೂ ಸುಮ್ಮನಿರುವವಳಲ್ಲ. ಆದರೆ ಈರುಳ್ಳಿಯ ವಿಷಯದಲ್ಲಿ ಮಾತ್ರ ಅವರ ಮುಂದೆ ನಾನು ಬಾಯಿ ಬಿಡುತ್ತಿರಲಿಲ್ಲ.

ಯಾಕೆಂದರೆ ಈರುಳ್ಳಿಗೆ ಅತ್ತೆ ಹೆಸರುವಾಸಿ. ನೆಂಟರಲ್ಲಿ ಯಾರ ಮನೆಯ ಮದುವೆಯಾದರೂ ಅವರಿಗೆ ಧಾರೆ ಮುಹೂರ್ತ ಮುಖ್ಯವಲ್ಲ, ಆಮೇಲೆ ಹಾಕುವ ಬೀಗರೂಟ ಮುಖ್ಯ. ಬೀಗರೂಟ ಅಂದರೆ ಬಾಡೂಟ, ಬಾಡೂಟ ಅಂದರೆ ಮಸಾಲೆ, ಮಸಾಲೆ ಅಂದರೆ ಮೂಟೆಗಟ್ಟಲೆ ಈರುಳ್ಳಿ. ಹಿಂದಿನ ದಿನ ಮಧ್ಯಾಹ್ನವೇ ತಮ್ಮ ಈಳಿಗೆಮಣೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಬೇರೆಯವರ ಮನೆಯ ಈಳಿಗೆಮಣೆ ಅವರ ಕಾಲಿಗೆ ಒಗ್ಗುತ್ತಿರಲಿಲ್ಲವಂತೆ. ಅಲ್ಲಿ ಹೋಗಿ ರಾಶಿಯ ಮುಂದೆ ಕೂತರೆ, ಸುತ್ತ ಕೂತ ಹೆಂಗಸರೆಲ್ಲ ಮೂಗು ಸುರಿಸಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅಯ್ಯೋ ಸಾಕಪ್ಪಾ ಅಂತ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ಅತ್ತೆ ಏಳುತ್ತಿರಲಿಲ್ಲ. ಅವರ ಕಣ್ಣು ಬತ್ತಿದ ಬಾವಿಯ ಹಾಗೆ ಒಣಗಿರುತ್ತಿತ್ತು.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರು ಈರುಳ್ಳಿ ಹೆಚ್ಚುವಾಗ ಏನಾದರೂ ಕೇಳಿದರೆ ಉತ್ತರವೇ ಬರುತ್ತಿರಲಿಲ್ಲ. ತಲೆಯ ಮೇಲೆ ಒಂದು ಈರುಳ್ಳಿ ಸಿಪ್ಪೆ ಇಟ್ಟುಕೊಂಡು, ಬಾಯಿ ಬಿಗಿದುಕೊಂಡು, ಗೋಡೆ ನೋಡುತ್ತ ಹೆಚ್ಚುತ್ತಿದ್ದರು. ಎಂಥ ಸೊಕ್ಕು ಅಂದುಕೊಂಡಿದ್ದೆ. ಎಲ್ಲ ಮುಗಿದ ಮೇಲೆ ಎದ್ದು ಹೋಗಿ ಬಚ್ಚಲಲ್ಲಿ ನೀರು ಉಗಿದು ಬಂದು, ಏನು ಕೇಳಿದೆ ಅಂದರು. ಹೆಚ್ಚಲು ಕೂರುವ ಮೊದಲು ಬಾಯಿ ತುಂಬ ನೀರು ತುಂಬಿಕೊಳ್ಳುತ್ತಿದ್ದರು. ಬಾಯಲ್ಲಿ ನೀರಿದ್ದರೆ ಮೂಗಿನಲ್ಲಿ ನಿಧಾನಕ್ಕೆ ಉಸಿರಾಡಬೇಕು, ಆಗ ಕಣ್ಣಿಗೆ ನೀರು ಬರುವುದಿಲ್ಲ ಅನ್ನುವುದು ಅವರ ಲೆಕ್ಕ. ಹಾಗಾದರೆ ತಲೆಯ ಮೇಲೆ ಸಿಪ್ಪೆ ಯಾಕೆ ಅಂದೆ.

"ಸಿಪ್ಪೆಯಿಂದ ಏನೂ ಆಗಕ್ಕಿಲ್ಲ ಕಣವ್ವ. ನಮ್ ತಮ್ಮ ಚಿಕ್ಕೋನಿದ್ದಾಗ ಇಡ್ತಿದ್ದ. ಅದ್ಕೆ ಇಟ್ಕತೀನಿ."

ಅತ್ತೆಗೆ ಒಬ್ಬನೇ ತಮ್ಮ. ಅವರ ತವರು ಮಳವಳ್ಳಿ ತಾಲ್ಲೂಕು, ಬಂಡೂರಿನಿಂದ ಇನ್ನೂ ಸ್ವಲ್ಪ ಒಳಗೆ. ತಾಯಿ ಬೇಗ ಹೋದದ್ದರಿಂದ ಇನ್ನೂ ಲಂಗ ಉಡುವ ವಯಸ್ಸಿನಲ್ಲೇ ಅತ್ತೆ ಒಲೆ ಮುಂದೆ ಕೂತರು. ಸೊಂಟದ ಮೇಲೆ ತಮ್ಮ. ಈರುಳ್ಳಿ ಹೆಚ್ಚುವಾಗ ಅಕ್ಕನ ಕಣ್ಣಲ್ಲಿ ನೀರು ಬಂದರೆ ಆ ಮಗು ಹೆದರಿಕೊಳ್ಳುತ್ತಿತ್ತಂತೆ, ಸತ್ತುಹೋದ ಅವ್ವನಿಗಾಗಿ ಅಳುತ್ತಿದ್ದಾಳೆ ಅಂತ. ಯಾರೋ ಹೇಳಿಕೊಟ್ಟಿದ್ದನ್ನು ಕೇಳಿಕೊಂಡು, ಸಿಪ್ಪೆ ತಂದು ಅಕ್ಕನ ನೆತ್ತಿಯ ಮೇಲಿಟ್ಟು, ಎದುರಿಗೆ ಕೂತು ಕಣ್ಣನ್ನೇ ನೋಡುತ್ತಿತ್ತಂತೆ. ಅವನು ಹೆದರಬಾರದು ಅಂತಲೇ ಅತ್ತೆ ನೀರು ತುಂಬಿಕೊಳ್ಳುವುದನ್ನು ಕಲಿತದ್ದು. ಅವನೋ, ಸಿಪ್ಪೆಯಿಂದಲೇ ಅಕ್ಕನ ಕಣ್ಣೀರು ನಿಂತಿತು ಅಂತ ಮೀಸೆ ಬಂದ ಮೇಲೂ ಹೇಳಿಕೊಂಡು ತಿರುಗುತ್ತಿದ್ದ.

ಇಂಥ ಅಕ್ಕ ತಮ್ಮ ಮಾತು ಬಿಟ್ಟದ್ದು ಈರುಳ್ಳಿಯ ಕಾರಣಕ್ಕೇ. ತಮ್ಮನ ಮಗಳ ಮದುವೆಯ ಬೀಗರೂಟಕ್ಕೆ ಅತ್ತೆ ಎಂದಿನಂತೆ ಈಳಿಗೆಮಣೆ ಕಟ್ಟಿಕೊಂಡು ಹೊರಟರು. ನಾನೂ ಜೊತೆಗಿದ್ದೆ. ಹೋಗಿ ನೋಡಿದರೆ ಅಡುಗೆಯ ಕಂಟ್ರಾಕ್ಟಿನವರು ಒಂದು ಮಿಷನ್ ತಂದಿಟ್ಟಿದ್ದಾರೆ. ಈರುಳ್ಳಿಯನ್ನು ಮೇಲೆ ಸುರಿಯುವುದು, ಅದು ಗರಗರ ಅಂತ ಕತ್ತರಿಸಿ ಕೆಳಗೆ ಉಗುಳುವುದು. ಅತ್ತೆಗೆ ಕೂತುಕೋ ಅನ್ನುವವರಿಲ್ಲ. ಈಳಿಗೆಮಣೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಶಾಮಿಯಾನದ ಮೂಲೆಯಲ್ಲಿ ಒಂದು ಕುರ್ಚಿ ಹಿಡಿದು ಕೂತರು. ತಮ್ಮ ಬಂದು, ಇನ್ನು ಮೇಲೆ ನಿನಗೆ ರೆಸ್ಟು ಕಣಕ್ಕ ಅಂತ ನಕ್ಕ. ಅವನು ಒಳ್ಳೆಯದಕ್ಕೇ ಅಂದದ್ದು. ಆದರೆ ಅತ್ತೆ ಊಟ ಮಾಡದೆ ಎದ್ದು ಬಂದರು. ಬರುವಾಗ ಮನೆ ಮುಂದೆ ನಿಂತು, ಮಿಷನ್ನನ್ನೇ ಅಕ್ಕ ಅಂತ ಕರಕೊಳ್ಳಿ ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಅಂದೂ ಬಂದರು. ಆ ನಾಲ್ಕು ಜನ ಅದನ್ನು ಕಾಪಾಡಿ ಇಟ್ಟುಕೊಂಡರು.

ಆಮೇಲೆ ಸ್ವಲ್ಪ ಕಾಲ ಹೋಗುವುದು ಬರುವುದು ನಿಂತಿತ್ತು. ಸಿಟ್ಟು ಯಾವಾಗಲೋ ಇಳಿದಿತ್ತು, ಮೊದಲು ಯಾರು ಹೋಗಬೇಕು ಅನ್ನುವುದು ಮಾತ್ರ ಉಳಿದಿತ್ತು. ಇಬ್ಬರೂ ಒಂದೇ ಮಣ್ಣಿನವರು. ಅಷ್ಟರಲ್ಲಿ ಅತ್ತೆಯ ಕಣ್ಣು ಮಂಜಾಯಿತು.

ಅತ್ತೆಗೆ ಇರುವುದೇ ಒಂದು ಕಣ್ಣು. ಎಡಗಣ್ಣು ಸಣ್ಣ ವಯಸ್ಸಿನಲ್ಲೇ ಹೋಗಿತ್ತು, ಕಬ್ಬು ಕಟಾವಿನಲ್ಲಿ ಗರಿ ಚುಚ್ಚಿ. ಆಗ ಯಾರೂ ಆಸ್ಪತ್ರೆಗೆ ಓಡಲಿಲ್ಲ, ಯಾವುದೋ ಸೊಪ್ಪಿನ ರಸ ಹಿಂಡಿ ಸುಮ್ಮನಾದರು. ಉಳಿದ ಬಲಗಣ್ಣಿಗೆ ಈಗ ಪೊರೆ ಬಂದಿತ್ತು. ಮಂಡ್ಯದಲ್ಲಿ ಆಪರೇಷನ್ ಮಾಡಿಸಿದೆವು. ಇವರಿಗೆ ಇದೊಂದೇ ಕಣ್ಣು, ಇದರಲ್ಲಿ ಕೀವು ಗೀವು ಆದರೆ ಕತ್ತಲೆಯೇ ಗತಿ, ಹುಷಾರು ಅಂತ ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ನನ್ನ ಕೈಗೆ ಹನಿ ಹಾಕುವ ಬಾಟಲಿ ಕೊಟ್ಟರು. ಹೊರಗೆ ಹಸಿರು ಪಟ್ಟಿ ಕಟ್ಟಿಸಿಕೊಂಡ ಮುದುಕ ಮುದುಕಿಯರನ್ನೆಲ್ಲ ಸಾಲಾಗಿ ಕೂರಿಸಿ, ಒಬ್ಬ ಹೆಂಗಸು ಮೈಕು ಹಿಡಿದು ಓದಿದಂತೆ ಹೇಳಿದಳು. ತಲೆಗೆ ನೀರು ಹಾಕಬಾರದು, ಒಲೆ ಹತ್ತಿರ ಹೋಗಬಾರದು, ಬಗ್ಗಬಾರದು, ಈರುಳ್ಳಿ ಮುಟ್ಟಬಾರದು, ಅಳಬಾರದು, ಡಾಕ್ಟರು ಸಾಕು ಅನ್ನುವವರೆಗೆ ಕಣ್ಣಲ್ಲಿ ಒಂದು ಹನಿ ನೀರು ಬರಬಾರದು. ಬಂದರೆ ಹೊಲಿಗೆ ಬಿಟ್ಟುಕೊಳ್ಳುತ್ತೆ ಅಂದಳು. ಈ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದೆ.

ಅವತ್ತಿನಿಂದ ನಮ್ಮ ಮನೆಗೆ ನಾನು ಈರುಳ್ಳಿ ತರಲೇ ಇಲ್ಲ. ಮದ್ದೂರಿನಲ್ಲಿ ಇದ್ದುಕೊಂಡು ಈರುಳ್ಳಿ ಇಲ್ಲದೆ ಬದುಕುವುದು ಅಂದರೆ ತಮಾಷೆಯಲ್ಲ. ಬೀದಿಯ ತುದಿಯಲ್ಲಿ ವಡೆ ಬೇಯುವ ವಾಸನೆ ಬಂದರೂ ಕಿಟಕಿ ಮುಚ್ಚುತ್ತಿದ್ದೆ. ಒಗ್ಗರಣೆಯಲ್ಲಿ ಈರುಳ್ಳಿ ಇಲ್ಲದ ಬಸ್ಸಾರು ತಿಂದು ನನ್ನ ಗಂಡ ಮುಖ ಕಿವುಚಿದ. ನಿಮ್ಮ ಅವ್ವನ ಕಣ್ಣು ಬೇಕೋ ಈರುಳ್ಳಿ ಬೇಕೋ ಅಂತ ತಟ್ಟೆ ಎಳೆದುಕೊಂಡೆ. ಅತ್ತೆಗಂತೂ ನಾನು ಹೊತ್ತು ಹೊತ್ತಿಗೆ ಹನಿ ಹಾಕುವ ಪೊಲೀಸಾಗಿಬಿಟ್ಟೆ. ರಜೆಯೆಲ್ಲ ಅದಕ್ಕೇ ಹೋಯಿತು. ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಹೀಗೆ ಮಾಡಿದೆ ಅನ್ನುವುದಿಲ್ಲ. ಒಂದು ಕಣ್ಣನ್ನು ಸೊಪ್ಪಿನ ರಸ ಹಿಂಡಿ ಕಳೆದರಲ್ಲ, ಇನ್ನೊಂದನ್ನೂ ಕಳೆಯಲು ನಾನು ಬಿಡುವುದಿಲ್ಲ ಅನ್ನುವ ಹಟ.

ತಮ್ಮ ಫೋನ್ ಮಾಡಿದ. ಆಪರೇಷನ್ ಆದದ್ದು ಅವನಿಗೆ ಯಾರೋ ಹೇಳಿದ್ದರು. ಪಟ್ಟಿ ಬಿಚ್ಚಿದ್ದಾರೋ, ಕಾಣುತ್ತಿದೆಯೋ ಅಂತೆಲ್ಲ ಕೇಳಿ, ಬಂದು ನೋಡ್ಲಾ ಅಂದನಂತೆ. ನೀನು ಬರಬೇಡ, ಕಣ್ಣು ಸರಿಹೋದ ಮೇಲೆ ನಾನೇ ಬಂದು ನಿನ್ನ ಮುಖ ನೋಡುತ್ತೀನಿ ಅಂದರು ಅತ್ತೆ. ಫೋನಿಟ್ಟ ಮೇಲೆ ಅವರ ಮುಖ ಗೆಲುವಾಗಿತ್ತು. ಮೊದಲು ಅವನೇ ಮಾತಾಡಿದನಲ್ಲ ಅನ್ನುವ ಗೆಲುವು.

ಅದಾಗಿ ಒಂದು ವಾರ ಕಳೆದಿರಲಿಲ್ಲ, ಬೆಳಿಗ್ಗೆ ತಿಂಡಿಯ ಹೊತ್ತಿಗೆ ತವರಿನಿಂದ ಫೋನು ಬಂತು. ತಮ್ಮ ಕುರಿ ರೊಪ್ಪದ ಬಾಗಿಲು ತೆಗೆಯಲು ಹೋದವನು ಅಲ್ಲೇ ಕುಸಿದುಬಿದ್ದನಂತೆ. ಆಸ್ಪತ್ರೆಗೆ ಸಾಗಿಸುವ ಮೊದಲೇ ಮುಗಿದಿತ್ತು.

ನನ್ನ ಗಂಡ ಹೇಳಲಾರದೆ ನಿಂತಿದ್ದ. ನಾನೇ ಹೇಳಿದೆ. ಹೇಳಿದ ಮರುಗಳಿಗೆ ಅತ್ತೆಯ ಎರಡೂ ಕೈ ಹಿಡಿದುಕೊಂಡೆ, ಎದೆ ಬಡಿದುಕೊಳ್ಳದ ಹಾಗೆ. ಅತ್ತೆ, ಅಳಬೇಡಿ ಅಂದೆ. ಇರುವುದು ಒಂದೇ ಕಣ್ಣು, ಅತ್ತು ಅದನ್ನೂ ಕಳೆದುಕೊಂಡರೆ ನಾನು ನೋಡಿಕೊಳ್ಳುವವಳಲ್ಲ ಅಂತಲೂ ಅಂದೆ. ಸಾವಿನ ಸುದ್ದಿ ಹೇಳುತ್ತ ಆಡುವ ಮಾತಲ್ಲ, ಗೊತ್ತು. ಆದರೆ ನನ್ನ ಕಿವಿಯಲ್ಲಿ ಆ ಮೈಕು ಕೂಗುತ್ತಿತ್ತು. ಅತ್ತೆ ನನ್ನ ಮುಖವನ್ನೇ ನೋಡಿದರು.

"ಓಗ್ದೆ ಇರಕ್ಕಾಗಕ್ಕಿಲ್ಲ ಕಣವ್ವ," ಅಂದರು. ಅಷ್ಟೇ.

ಕಾರು ಮಾಡಿಕೊಂಡು ಹೊರಟೆವು. ಅತ್ತೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ನಮ್ಮ ಕಡೆ ಸಾವಿನ ಮನೆಗೆ ಹೇಗೆ ಹೋಗುತ್ತಾರೆ ಅನ್ನುವುದು ಗೊತ್ತಲ್ಲ. ಹೆಣ್ಣುಮಕ್ಕಳು ಬೀದಿಯ ತಿರುವಿನಲ್ಲೇ ದನಿ ತೆಗೆಯಬೇಕು. ಅದರಲ್ಲೂ ಅಕ್ಕತಂಗಿಯರು ಸತ್ತವನ ಗುಣ ಎತ್ತಿ ಎತ್ತಿ ಹಾಡಿಕೊಂಡು ಅಳಬೇಕು. ಒಳಗಿನವರು ಅದಕ್ಕೆ ದನಿಗೂಡಿಸಿ, ಎದ್ದು ಬಂದು ತಬ್ಬಿಕೊಳ್ಳಬೇಕು. ಯಾರು ಎಷ್ಟು ಅತ್ತರು, ಏನಂದು ಅತ್ತರು ಅನ್ನುವುದು ಆಮೇಲೆ ವರ್ಷಗಟ್ಟಲೆ ಮಾತಿಗೆ ಬರುತ್ತದೆ. ಮನೆ ಹತ್ತಿರವಾದಾಗ ಅತ್ತೆ ನೀರಿನ ಬಾಟಲಿ ಕೊಡು ಅಂತ ಕೈಚಾಚಿದರು. ಕೊಟ್ಟೆ. ಬಾಯಾರಿರಬೇಕು ಅಂದುಕೊಂಡೆ. ಇಷ್ಟು ವರ್ಷ ಅವರ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚಿದವಳು ನಾನು, ನನಗೆ ಆಗಲೂ ಹೊಳೆಯಲಿಲ್ಲ.

ಅತ್ತೆ ಕಾರಿನಿಂದಿಳಿದು ನಡೆದರು. ದನಿ ತೆಗೆಯಲಿಲ್ಲ. ಒಳಗಿನ ಹೆಂಗಸರು ಕಾದರು. ಅಂಗಳಕ್ಕೆ ಬಂದರೂ ದನಿ ಇಲ್ಲ. ತಮ್ಮನ ಹೆಂಡತಿ, ನಿನ್ ತಮ್ಮನ್ನ ನೋಡು ಬಾರತ್ಗೇ ಅಂತ ಕೂಗಿಕೊಂಡು ಬಂದು ಕುತ್ತಿಗೆಗೆ ಬಿದ್ದಳು. ಅತ್ತೆ ಅವಳ ಬೆನ್ನು ಸವರಿದರು, ಬಾಯಿ ಬಿಡಲಿಲ್ಲ. ಚಪ್ಪರದಡಿ ಮಲಗಿಸಿದ್ದ ತಮ್ಮನ ತಲೆಯ ಹತ್ತಿರ ಹೋಗಿ ಕೂತರು. ಅವನ ಕೂದಲು ಸರಿಮಾಡಿದರು. ಹಣೆಯ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಬಾಯಿ ಮಾತ್ರ ಹೊಲಿದಂತೆ ಬಿಗಿದಿತ್ತು.

ಸುತ್ತ ಕೂತವರಲ್ಲಿ ಪಿಸಪಿಸ ಶುರುವಾಯಿತು. ಬೀಗರೂಟದ ಮುನಿಸು ಇನ್ನೂ ಬಿಟ್ಟಿಲ್ಲ ನೋಡು, ಹೆಣದ ಮುಂದೂ ಬಿಟ್ಟಿಲ್ಲ ಅಂದಳು ಒಬ್ಬಳು. ಆ ಬೀದಿಯಲ್ಲಿ ಸಾವು ಮದುವೆ ಎರಡಕ್ಕೂ ಯಜಮಾನಿಕೆ ಮಾಡುವ ಒಬ್ಬ ಮುದುಕಿ ಇದ್ದಾಳೆ. ಅವಳು ಪಿಸುಗುಟ್ಟುವವಳಲ್ಲ. ಎಲ್ಲರಿಗೂ ಕೇಳುವ ಹಾಗೆ, ಒಬ್ನೇ ತಮ್ಮ ಸತ್ತವ್ನೆ, ಒಂದ್ ಮಾತಾದ್ರೂ ಆಡವ್ವ ಅಂದಳು. ಅವರಿಗೆ ಕಣ್ಣಿನ ಆಪರೇಷನ್ ಆಗಿದೆ, ಇರುವುದು ಒಂದೇ ಕಣ್ಣು, ಅಳಬಾರದು ಅಂತ ಹೇಳಿದ್ದಾರೆ ಅಂತ ನಾನು ಗಟ್ಟಿಯಾಗಿ ಹೇಳಿದೆ.

"ಆಪರೇಸನ್ನು ಕಣ್ಗಲ್ವಾ ಆಗಿರಾದು," ಅಂದಳು ಮುದುಕಿ. "ಬಾಯ್ಗೇನಾಗದೆ?"

ನಾಲ್ಕು ಜನ ಹೌದು ಹೌದು ಅಂದರು. ನಾನೂ ಅತ್ತೆಯ ಕಡೆ ನೋಡಿದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಅವರ ಮೇಲೆ ರೇಗಿತು. ಕಣ್ಣೀರು ಹಾಕಬೇಡಿ ಅಂದದ್ದು ಸರಿ, ಅಯ್ಯೋ ತಮ್ಮ ಅಂತ ಒಂದು ಮಾತಿಗೇನು ಬಡತನ? ಬಾಯಿಗಕ್ಕಿ ಹಾಕುವಾಗ ಎಲ್ಲರೂ ಏನಾದರೊಂದು ಹೇಳಿ ಹಾಕಿದರು. ಅತ್ತೆ ಮೂರು ಬೆರಳಲ್ಲಿ ಅಕ್ಕಿ ತೆಗೆದು ತಮ್ಮನ ತುಟಿಗಿಟ್ಟರು. ಅವರ ಕೆನ್ನೆ ಒಂದೇ ಸಮನೆ ನಡುಗುತ್ತಿತ್ತು. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು. ಎದ್ದವರೇ ಯಾರನ್ನೂ ನೋಡದೆ ಹಿತ್ತಲಿಗೆ ನಡೆದರು. ಹೋದಳು ನೋಡು ಅಂದರು ಹಿಂದಿನಿಂದ.

ನಾನು ಓಡಿದೆ. ಕುರಿ ರೊಪ್ಪದ ಗೋಡೆ ಹಿಡಿದುಕೊಂಡು ಅತ್ತೆ ಬಗ್ಗಿ ನಿಂತಿದ್ದರು, ಬಗ್ಗಬಾರದು ಅಂದಿದ್ದರೂ. ಬಾಯಿಂದ ನೀರು ಸುರಿಯಿತು. ಬರೀ ನೀರು. ಮೊದಲು ವಾಂತಿ ಅಂದುಕೊಂಡೆ. ಆಮೇಲೆ ಕಾರು, ಬಾಟಲಿ, ಬಿಗಿದ ಬಾಯಿ ಎಲ್ಲ ಒಟ್ಟಿಗೆ ಅರ್ಥವಾಯಿತು. ಅತ್ತೆ ಸೆರಗಿನಿಂದ ಬಾಯಿ ಮಾತ್ರ ಒರೆಸಿಕೊಂಡರು. ಕನ್ನಡಕ ಮುಟ್ಟಲಿಲ್ಲ. ಬೆಳಗಿನಿಂದ ಯಾರೂ ಬಾಗಿಲು ತೆಗೆಯದೆ ಒಳಗಿನ ಕುರಿಗಳು ಅರಚುತ್ತಿದ್ದವು.

"ನೀರಿಲ್ದಿದ್ರೆ ತಡೀತಿರ್ಲಿಲ್ಲ ಕಣವ್ವ. ಒಂದ್ ಅನಿನೂವೆ ಬುಡ್ಲಿಲ್ಲ ನಾನು."

ಒಂದು ಹನಿಯೂ ಬಿಡಲಿಲ್ಲ ಅಂತ ನನಗೆ ಒಪ್ಪಿಸುತ್ತಿದ್ದರು. ಒಪ್ಪಿಸಿದ ಮೇಲೆ ಇನ್ನೊಂದು ಮಾತು ಹೇಳಿದರು. ಇದನ್ನು ಯಾರಿಗೂ ಹೇಳಬೇಡ, ಬಾಯಿ ತುಂಬ ನೀರು ತುಂಬಿಕೊಂಡು ಕೂತಿದ್ದಳಂತೆ ಅಂತ ಜನ ನಗಾಡುತ್ತಾರೆ, ಅವನು ಸತ್ತ ಮನೆಯಲ್ಲಿ ನಗು ಬೇಡ ಅಂತ. ನಾನು ಹೂಂ ಅಂದೆ. ಅಂದು ಕೆಟ್ಟೆ. ಅವತ್ತು ಕಟ್ಟಿಕೊಂಡ ಬಾಯಿಯನ್ನು ಮೊನ್ನೆಯ ಆ ಹೆಬ್ಬೆಟ್ಟುಗಳನ್ನು ನೋಡಿದ ಮೇಲೆ ಈಗ ಬಿಡುತ್ತಿದ್ದೇನೆ.

ತಿಥಿಗೆ ಹೋಗುವುದು ಬೇಡ ಅಂದೆ. ಅತ್ತೆ ಕೇಳಲಿಲ್ಲ. ತಮ್ಮನಿಗೆ ಎಡೆ ಇಡುವಾಗ ಅಕ್ಕ ಇರದಿದ್ದರೆ ಹೇಗೆ ಅಂತ ಹಟ ಹಿಡಿದರು. ಬೆಳಿಗ್ಗೆ ಬೇಗ ಹೋದೆವು. ಹಿತ್ತಲಲ್ಲಿ ಒಲೆ ಹೂಡಿದ್ದರು, ಬಾಡು ಬಂದಿತ್ತು, ಹೆಂಗಸರು ಈರುಳ್ಳಿ ಬಿಡಿಸಿ ಗುಡ್ಡೆ ಹಾಕುತ್ತಿದ್ದರು. ಅತ್ತೆಯನ್ನು ನೋಡಿದ ಕೂಡಲೇ ಮಾತು ನಿಂತಿತು. ತಮ್ಮನ ಹೆಂಡತಿ ಎದ್ದಳು. ಒಳಗೆ ಹೋಗಿ ಒಂದು ಈಳಿಗೆಮಣೆ ತಂದು ಅತ್ತೆಯ ಕಾಲ ಬಳಿ ಇಟ್ಟಳು. ಗಂಡ ಸತ್ತವಳು, ಅವಳ ನೋವು ಅವಳಿಗೆ, ಒಪ್ಪುತ್ತೇನೆ. ಆದರೆ ಅವಳ ಮುಖದಲ್ಲಿ ಇದ್ದದ್ದು ಬರೀ ನೋವಲ್ಲ.

"ಮಿಸನ್ ತಂದ್ವಿ ಅಂತ ಮುನಿಸ್ಕೊಂಡಿದ್ರಲ್ಲ ಅತ್ಗೆ, ಇವತ್ತು ಮಿಸನ್ ಇಲ್ಲ. ನೀವೇ ಎಚ್ಚಿ. ನಿಮ್ ಕಣ್ಣಲ್ಲಿ ಎಂಗೂ ನೀರ್ ಬರಕ್ಕಿಲ್ವಲ್ಲ."

ಅತ್ತೆ ಕೂರಲು ಹೋದರು. ಆಣೆ ಮಾಡಿ ಹೇಳುತ್ತೇನೆ, ಆ ಈರುಳ್ಳಿಯ ಮುಂದೆ, ಹೊಲಿಗೆ ಹಾಕಿದ ಒಂಟಿ ಕಣ್ಣಿಟ್ಟುಕೊಂಡು ಕೂರಲು ಹೋದರು. ನನ್ನ ತಲೆ ಕೆಟ್ಟುಹೋಯಿತು. ಅವರ ರಟ್ಟೆ ಹಿಡಿದು ಆಚೆ ಎಳೆದೆ. ಈ ಕಣ್ಣು ಹೋದರೆ ನಿಮ್ಮಲ್ಲಿ ಯಾರು ಬಂದು ಇವರನ್ನು ಕೈಹಿಡಿದು ನಡೆಸುತ್ತೀರಿ, ಹೇಳಿ ಅಂತ ಕೂಗಿದೆ. ಅವತ್ತು ಇವರು ಯಾಕೆ ಬಾಯಿ ಬಿಡಲಿಲ್ಲ ಗೊತ್ತಾ ನಿಮಗೆ ಅಂತಲೂ ಶುರು ಮಾಡಿದೆ. ಅತ್ತೆಯ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಜೋರಾಗಿ ಅಲ್ಲ, ಸುಮ್ಮನೆ ಹಿಡಿಯಿತು. ನಾನು ನುಂಗಿಕೊಂಡೆ. ಅತ್ತೆಯನ್ನು ಒಳಗಿನ ಕೋಣೆಯಲ್ಲಿ ಕೂರಿಸಿ, ಬಾಗಿಲೆಳೆದು ಬಂದು, ಆ ಈಳಿಗೆಮಣೆಯ ಮೇಲೆ ನಾನು ಕೂತೆ.

ಒಬ್ಬಳೇ ಹೆಚ್ಚಿದೆ. ಬೇರೆ ಯಾರನ್ನೂ ಮುಟ್ಟಲು ಬಿಡಲಿಲ್ಲ. ಬಾಯಿಗೆ ನೀರು ತುಂಬಿಕೊಳ್ಳಲಿಲ್ಲ, ತುಂಬಿಕೊಂಡರೆ ಅತ್ತೆಯ ಗುಟ್ಟು ಬಯಲಾಗುತ್ತದಲ್ಲ. ಈರುಳ್ಳಿಯ ಖಾರ ನೆತ್ತಿಗೇರಿತು. ಕಣ್ಣು ಮೂಗು ಬಾಯಿ ಎಲ್ಲ ಸೋರಿ, ಮುಖ ಊದಿ, ಏನೂ ಕಾಣದೆ ಬೆರಳು ಕೊಯ್ದುಕೊಂಡೆ. ಸಿಟ್ಟಿಗೆ ನಿಲ್ಲಿಸಲಿಲ್ಲ. ಆಗ ಆ ಯಜಮಾನಿಕೆಯ ಮುದುಕಿ ಗೋಡೆಗೊರಗಿ ಕೂತು ನನ್ನನ್ನೇ ನೋಡುತ್ತಿದ್ದವಳು, ಎಲ್ಲರನ್ನೂ ಕರೆದು ತೋರಿಸಿದಳು. ನೋಡ್ರವ್ವ, ಎಲ್ಲಿಂದಲೋ ಬಂದ ಸೊಸೆಗೆ ಎಷ್ಟು ಸಂಕಟ, ಒಡಹುಟ್ಟಿದವಳು ಒಳಗೆ ಕಲ್ಲಿನ ಹಾಗೆ ಕೂತವಳೆ ಅಂತ. ಹೆಂಗಸರು ಲೊಚಗುಟ್ಟಿದರು. ಒಬ್ಬಳು ಬಂದು ನನ್ನ ಕಣ್ಣೊರೆಸಿದಳು. ಆ ಊರಿನಲ್ಲಿ ಈಗಲೂ ನನಗೆ ಒಳ್ಳೆಯ ಹೆಸರಿದೆ. ಈರುಳ್ಳಿ ಹೆಚ್ಚಿ ಸಂಪಾದಿಸಿದ ಹೆಸರು. ಅದನ್ನು ನೆನೆದರೆ ಇವತ್ತಿಗೂ ಕೈಗೆ ಸಿಕ್ಕಿದ್ದನ್ನು ಎಸೆಯುವ ಹಾಗಾಗುತ್ತದೆ.

ಇದಾಗಿ ಕೆಲವು ದಿನಕ್ಕೆ ಕಣ್ಣು ತೋರಿಸಲು ಮಂಡ್ಯಕ್ಕೆ ಹೋದೆವು. ಆಪರೇಷನ್ ಮಾಡಿದವರು ರಜೆಯಲ್ಲಿದ್ದರು, ಬೇರೊಬ್ಬ ಡಾಕ್ಟರು ಕೂತಿದ್ದರು. ದೀಪ ಬಿಟ್ಟು ನೋಡಿ, ಗೋಡೆಯ ಅಕ್ಷರ ಓದಿಸಿ, ಕಣ್ಣು ಚೆನ್ನಾಗಿ ಕೂಡಿಕೊಂಡಿದೆ, ಇನ್ನು ಎಲ್ಲರ ಹಾಗೆ ಇರಬಹುದು ಅಂದರು. ನನಗೆ ಎದೆಯುಬ್ಬಿತು. ನಾವು ಬಹಳ ಕಾಪಾಡಿದೆವು ಸಾರ್ ಅಂದೆ, ಒಡಹುಟ್ಟಿದ ತಮ್ಮ ತೀರಿಹೋದರೂ ಇವರು ಒಂದು ಹನಿ ಅಳಲಿಲ್ಲ ಅಂದೆ. ಡಾಕ್ಟರು ಬರೆಯುವುದು ನಿಲ್ಲಿಸಿ ಯಾಕೆ ಅಂತ ಕೇಳಿದರು. ಅಳಬಾರದು ಅಂತ ನೀವೇ ಹೇಳಿದ್ದಿರಲ್ಲ ಅಂದೆ.

ಯಾರು ಹೇಳಿದ್ದು ಅಂದರು ಅವರು. ಉಜ್ಜಬಾರದು, ಕೊಳಕು ಕೈ ಇಡಬಾರದು, ಹೊಗೆ ಧೂಳು ಬೇಡ, ಅಷ್ಟೇ. ಕಣ್ಣೀರು ಕಣ್ಣಿನದೇ ನೀರಲ್ಲವಾ ಅಮ್ಮ, ಅತ್ತರೆ ಏನೂ ಆಗುವುದಿಲ್ಲ ಅಂತ ನಕ್ಕರು. ಅದೂ ಅಲ್ಲದೆ ಇವರಿಗೆ ಹೊಲಿಗೆಯನ್ನೇ ಹಾಕಿಲ್ಲ, ಈಗಿನ ಆಪರೇಷನ್ನಿಗೆ ಹೊಲಿಗೆ ಬೇಕಿಲ್ಲ ಅಂದರು.

ನಾನು ಎದ್ದು ನಿಂತೆ. ಮೈಕಿನಲ್ಲಿ ನಿಮ್ಮವರೇ ಕೂಗಿದರಲ್ಲ, ಯಾರನ್ನು ಕೂರಿಸಿದ್ದೀರಿ ಅಲ್ಲಿ, ಅವಳನ್ನು ಕರೆಯಿರಿ ಈಗ ಅಂದೆ. ಹೊರಗೆ ಕೂತಿದ್ದವರು ಬಾಗಿಲಲ್ಲಿ ಇಣುಕಿದರು. ಹೇಳುವವರು ಒಂದಕ್ಕೆ ನಾಲ್ಕು ಸೇರಿಸಿ ಹೇಳಿರುತ್ತಾರೆ, ಜನ ಮಾತು ಕೇಳಲಿ ಅಂತ ಅಂದರು ಡಾಕ್ಟರು. ಜನ ಕೇಳಿದರು ಸಾರ್, ಚೆನ್ನಾಗಿಯೇ ಕೇಳಿದರು ಅಂತ ನಾನು ಕಿರುಚಿದೆ. ಆ ಹೆಂಗಸಿನ ಮೇಲೆ, ಆ ಮುದುಕಿಯ ಮೇಲೆ, ನನ್ನ ಮೇಲೆ, ಯಾರ ಮೇಲೆ ಮೊದಲು ಸಿಟ್ಟಾಗಬೇಕು ಅನ್ನುವುದೇ ತಿಳಿಯಲಿಲ್ಲ. ಅಷ್ಟರಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಮೆಲ್ಲಗೆ ಕೇಳಿದರು.

"ಅಂಗಾದ್ರೆ ಅವತ್ತು ಅಳ್ಬೋದಿತ್ತಾ ಸಾಮಿ?"

ಡಾಕ್ಟರು ಅವರ ಕಡೆ ತಿರುಗಿ, ಅಳಬಹುದಿತ್ತು ಅಮ್ಮ ಅಂದರು.

ಮದ್ದೂರಿನಲ್ಲಿ ಬಸ್ಸಿಳಿದ ಮೇಲೆ ಅತ್ತೆ ತರಕಾರಿ ಅಂಗಡಿಯ ಮುಂದೆ ನಿಂತು, ಈರುಳ್ಳಿ ತಗೋ ಅಂದರು. ತೆಗೆದುಕೊಂಡೆ. ಮನೆಗೆ ಬಂದು ನಾನು ಪಾತ್ರೆಗಳನ್ನು ದಬದಬ ಇಡುತ್ತಿದ್ದೆ, ಆ ಮೈಕಿನವಳನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಅತ್ತೆ ಕೈಕಾಲು ತೊಳೆದು, ತಮ್ಮ ಈಳಿಗೆಮಣೆಯನ್ನು ಅಟ್ಟದಿಂದ ಇಳಿಸಿಕೊಂಡು, ಅಡುಗೆಮನೆಯ ನಡುವೆ ಕೂತರು. ಒಂದು ಈರುಳ್ಳಿ ಬಿಡಿಸಿ, ಅದರ ಸಿಪ್ಪೆಯನ್ನು ನೆತ್ತಿಯ ಮೇಲೆ ಇಟ್ಟುಕೊಂಡರು. ನಾನು ಚೊಂಬಿನಲ್ಲಿ ನೀರು ತಂದು ಪಕ್ಕದಲ್ಲಿಟ್ಟೆ. ಅದನ್ನು ದೂರ ಸರಿಸಿದರು.

ಹೆಚ್ಚತೊಡಗಿದರು. ಎರಡನೆಯದಕ್ಕೇ ಬಲಗಣ್ಣು ಕೆಂಪಗಾಯಿತು. ಮೂರನೆಯದಕ್ಕೆ ನೀರು ಇಳಿಯಿತು. ಕಾಣುವ ಕಣ್ಣಿಂದಲೂ, ಕಾಣದ ಕಣ್ಣಿಂದಲೂ ಇಳಿದು ಗಲ್ಲದ ತುದಿಯಿಂದ ಸೀರೆಯ ಮೇಲೆ ತೊಟ್ಟಿಕ್ಕಿತು. ನಾನು ಬೈಯುವುದು ನಿಲ್ಲಿಸಿದೆ. ಅತ್ತು ಬಿಡಲಿ, ಈಗಲಾದರೂ ಮನಸ್ಸು ಹಗುರ ಮಾಡಿಕೊಳ್ಳಲಿ ಅಂತ ಪಕ್ಕದಲ್ಲಿ ಹೋಗಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟೆ. ಅತ್ತೆ ಕಣ್ಣೀರನ್ನು ಬೆರಳ ತುದಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಸೀರೆಗೆ ಒರೆಸಿಕೊಂಡರು.

"ಇದು ಈರುಳ್ಳೀದು ಕಣವ್ವ. ಅವಂದು ಬರ್ತಾ ಇಲ್ಲ," ಅಂದರು. "ಇನ್ನೊಂದ್ ಕೊಡು."